ಹೋರಾಟದ ಕಡತ ಜಾಲತಾಣಕ್ಕೆ ಏರುವಾಗ

(ಶಿವಮೊಗ್ಗದಲ್ಲಿ ನಡೆದ ದಾಖಲಾತಿ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಬಳಗದ ಕಾಗದಪತ್ರಗಳನ್ನು ಜಾಲತಾಣದ ಮೂಲಕ ಎಲ್ಲರಿಗೂ ತೆರೆದಿಡಬೇಕೆಂಬ ತೀರ್ಮಾನ ಈಗಾಗಲೇ ಆಗಿದೆ. ಕರಪತ್ರ, ಮನವಿ, ಪತ್ರಿಕೆಗಳ ತುಣುಕು, ಮಾಹಿತಿ ಹಕ್ಕಿನಡಿ ಪಡೆದ ಉತ್ತರ, ನ್ಯಾಯಾಲಯದ ಆದೇಶದ ಪ್ರತಿ, ಗ್ರಾಮಸಭೆಯ ನಡಾವಳಿ, ಮೆರವಣಿಗೆಯ ಛಾಯಾಚಿತ್ರ, ಇವೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಶಿವಮೊಗ್ಗದ ಒಂದು ಕೊಠಡಿಗೆ ಬಂದು ಸೇರಿವೆ. ಭದ್ರಾವತಿಯ ಗೆಳೆಯರು ಅವುಗಳ ವಿವರಪಟ್ಟಿಯನ್ನು ಗಣಕಕ್ಕೆ ಏರಿಸುವ ಕೆಲಸ ಹಿಡಿದಿದ್ದಾರೆ. ಜಾಲತಾಣ ಕಟ್ಟುವ ಕೆಲಸವನ್ನು ಇಲ್ಲಿನ ಯುವಕ ಯುವತಿಯರು ಬೇರೆಯಾಗಿ ಆರಂಭಿಸಿದ್ದಾರೆ. ಎರಡೂ ಶ್ರದ್ಧೆಯಿಂದ ನಡೆಯುತ್ತಿವೆ. ಆದರೆ ಪಟ್ಟಿ ಮಾಡುವವರಿಗೆ ಜಾಲತಾಣದಲ್ಲಿ ಏನು ಏರುತ್ತಿದೆ ಎಂಬುದು ತಿಳಿಯದು. ಜಾಲತಾಣ ಕಟ್ಟುವವರಿಗೆ ಪೆಟ್ಟಿಗೆಯ ಸಂಖ್ಯೆ ತಮಗೇಕೆ ಬೇಕು ಎಂಬುದು ತಿಳಿಯದು. ಈ ಎರಡರ ನಡುವೆ ಇರಬೇಕಾದ ನಂಟಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇದು ಗಣಕ ಬಲ್ಲವರು ತಮ್ಮೊಳಗೆ ಬಗೆಹರಿಸಿಕೊಳ್ಳಬೇಕಾದ ವಿಷಯವೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಒಂದು ಕಾಗದ ನಾಳೆ ಸಾಕ್ಷ್ಯವಾಗಿ ನಿಲ್ಲುತ್ತದೆಯೋ, ಬರಿಯ ಚಿತ್ರವಾಗಿ ಉಳಿಯುತ್ತದೆಯೋ ಎಂಬುದು ಈ ನಂಟಿನ ಮೇಲೆಯೇ ನಿಂತಿದೆ.

ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಹೊರಡೋಣ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಎಂದರೆ ಎಂಪಿಎಂ, 1936ರಲ್ಲಿ ಸ್ಥಾಪನೆಯಾಯಿತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1980ರಲ್ಲಿ ನೆಡುತೋಪು ಬೆಳೆಸುವುದಕ್ಕಾಗಿ ಅದಕ್ಕೆ 20 ಸಾವಿರ ಹೆಕ್ಟೇರಿಗೂ ಮಿಕ್ಕಿದ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಕೇಶಿಯಾ, ನೀಲಗಿರಿಗಳು ಮಲೆನಾಡಿನ ಗುಡ್ಡಗಳನ್ನು ಹೇಗೆ ಆವರಿಸಿದವು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಕಾಗದ ತಯಾರಿಸದ ಕಾರ್ಖಾನೆಗೆ ಕಾಡೇಕೆ ಎಂಬ ಪ್ರಶ್ನೆ ಎದ್ದಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂಬ ಕೂಗು ಹಳ್ಳಿಹಳ್ಳಿಗಳಿಂದ ಕೇಳಿಬಂತು. ಆದರೂ ಸರ್ಕಾರ ಗುತ್ತಿಗೆಯನ್ನು ವಿಸ್ತರಿಸಿತು.

1980ರಲ್ಲಿ 25ರ ಹರೆಯದವರಾಗಿದ್ದವರು 2020ರಲ್ಲಿ 65 ದಾಟಿದ್ದರು. ಮೊದಲ ಗುತ್ತಿಗೆಯ ಷರತ್ತುಗಳೇನು, ಯಾವ ಗ್ರಾಮದ ಯಾವ ಸರ್ವೆ ನಂಬರು ಅದರಲ್ಲಿ ಸೇರಿತ್ತು, ಗೋಮಾಳವೆಷ್ಟು, ಸೊಪ್ಪಿನ ಬೆಟ್ಟವೆಷ್ಟು, ಅಂದು ಊರವರು ಎತ್ತಿದ ತಕರಾರಿಗೆ ಇಲಾಖೆ ಕೊಟ್ಟ ಉತ್ತರವೇನು ಎಂದು ಕೇಳುವ ಹೊತ್ತಿಗೆ ನೆನಪು ಮಸುಕಾಗಿರುತ್ತದೆ. ಕಾಗದ ಮಾತ್ರ ಮಾತನಾಡಬಲ್ಲದು. ಅದೂ, ತಾನು ಯಾರ ಮನೆಯಿಂದ, ಯಾವ ಕಡತದಿಂದ, ಯಾವ ಪತ್ರಕ್ಕೆ ಉತ್ತರವಾಗಿ ಬಂದೆ ಎಂದು ಹೇಳಲು ಅದಕ್ಕೆ ಸಾಧ್ಯವಿದ್ದರೆ ಮಾತ್ರ.

ನೆಡುತೋಪಿನ ವಿರುದ್ಧದ ಇನ್ನೊಂದು ಹೋರಾಟವನ್ನೂ ನೆನೆಯಬೇಕು. 1984ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಶಿವಮೊಗ್ಗವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿ ಅದರ ಪಾಲಾಗುವುದರಲ್ಲಿತ್ತು. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು; ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ಕುದುರೆಮುಖದಲ್ಲಿಯೂ ಹಾಗೆಯೇ: 2002ರ ಅಕ್ಟೋಬರ್ 30ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈ ಎರಡೂ ಕಡೆ ಬೀದಿಯಲ್ಲಿ ನಿಂತ ಜನರ ಹಿಂದೆ ಕಾಗದವನ್ನು ಜೋಡಿಸಿಟ್ಟುಕೊಂಡು ನಿಂತವರೂ ಇದ್ದರು.

ಈಗ ಪೆಟ್ಟಿಗೆಯ ಕಡೆಗೆ ಬರೋಣ. ಪತ್ರಾಗಾರದವರು ಕಾಗದಗಳನ್ನು ಬಿಡಿಬಿಡಿಯಾಗಿ ಕಾಣುವುದಿಲ್ಲ. ಒಬ್ಬರ ಅಥವಾ ಒಂದು ಸಂಸ್ಥೆಯ ಕಾಗದಗಳೆಲ್ಲ ಸೇರಿ ಒಂದು ಸಂಗ್ರಹ, ಅದರೊಳಗೆ ಶ್ರೇಣಿಗಳು, ಶ್ರೇಣಿಯೊಳಗೆ ಕಡತಗಳು, ಕಡತದೊಳಗೆ ಪತ್ರಗಳು. ಮನೆತನದ ವಂಶವೃಕ್ಷದ ಹಾಗೆ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯು ಈ ವಿವರಣೆಗೆಂದೇ ಒಂದು ಮಾನದಂಡವನ್ನು ರೂಪಿಸಿ 1994ರಲ್ಲಿ ಪ್ರಕಟಿಸಿತು. 2000ದಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಅದರಲ್ಲಿರುವ ವಿವರಣಾಂಶಗಳು 26. ಗಾಬರಿಯಾಗಬೇಡಿ, ಅವುಗಳಲ್ಲಿ ಅತ್ಯಗತ್ಯವೆಂದು ಹೇಳಿರುವುದು ಆರು ಮಾತ್ರ: ದಾಖಲೆಯ ಸಂಖ್ಯೆ, ಶೀರ್ಷಿಕೆ, ಅದನ್ನು ಸೃಷ್ಟಿಸಿದವರು, ದಿನಾಂಕ, ಪ್ರಮಾಣ, ಮತ್ತು ಅದು ಸಂಗ್ರಹವೋ ಶ್ರೇಣಿಯೋ ಕಡತವೋ ಪತ್ರವೋ ಎಂಬ ಹಂತ. ನಮ್ಮ ಭದ್ರಾವತಿಯ ಗೆಳೆಯರು ಈ ಆರನ್ನು ತಪ್ಪದೆ ಬರೆದರೆ ಲೋಕದ ಯಾವ ಪತ್ರಾಗಾರದವರಿಗೂ ನಮ್ಮ ಪಟ್ಟಿ ಅರ್ಥವಾಗುತ್ತದೆ.

ಜಾಲತಾಣದ ಪುಟಗಳನ್ನು ನಿರ್ವಹಿಸುವ ತಂತ್ರಾಂಶಗಳಿವೆಯಲ್ಲ, ವರ್ಡ್‌ಪ್ರೆಸ್, ಡ್ರೂಪಲ್ ಮೊದಲಾದವು, ಅವು ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಅವುಗಳ ಲೋಕದಲ್ಲಿ ಎಲ್ಲವೂ ಪುಟ. ಪುಟಕ್ಕೊಂದು ಶೀರ್ಷಿಕೆ, ಪ್ರಕಟಿಸಿದ ದಿನಾಂಕ, ಒಂದೆರಡು ವಿಷಯ ವಿಭಾಗ. ಹೊಸದು ಮೇಲಕ್ಕೆ, ಹಳೆಯದು ಕೆಳಕ್ಕೆ. 1987ರ ಕರಪತ್ರವನ್ನು ಈ ವಾರ ಏರಿಸಿದರೆ ಅದಕ್ಕೆ ಈ ವಾರದ ದಿನಾಂಕವೇ ಮೊದಲು ಅಂಟಿಕೊಳ್ಳುತ್ತದೆ. ಪುಟಕ್ಕೆ ತಾನು ಯಾವ ಕಡತದ ಎಷ್ಟನೆಯ ಹಾಳೆ ಎಂಬ ಅರಿವಿಲ್ಲ. ಇದು ತಂತ್ರಾಂಶದ ದೋಷವೆಂದು ನಾನು ಹೇಳುತ್ತಿಲ್ಲ. ಸುದ್ದಿ ಹೇಳಲು, ಲೇಖನ ಪ್ರಕಟಿಸಲು ಅದು ಚೆನ್ನಾದ ಸಾಧನ. ಕಡತಕ್ಕೆ ಕೊಠಡಿಯಾಗಲು ಅದರಿಂದಾಗದು ಎಂದಷ್ಟೇ ನನ್ನ ಮಾತು.

ಇಲ್ಲಿ ಎಲ್ಲರೂ ಹಿಡಿಯುವ ಸುಲಭದ ದಾರಿಯೊಂದಿದೆ. ವಿವರಪಟ್ಟಿಯನ್ನು ಎದುರಿಗಿಟ್ಟುಕೊಂಡು ಜಾಲತಾಣದಲ್ಲಿ ಮತ್ತೊಮ್ಮೆ ಬೆರಳಚ್ಚು ಮಾಡುವುದು. ಹತ್ತು ದಾಖಲೆಗಳಿದ್ದಾಗ ಇದು ಕೆಲಸವೆನಿಸುವುದೇ ಇಲ್ಲ. ಸಾವಿರವಾದಾಗ ಏನಾಗುತ್ತದೆ ನೋಡಿ. ಪಟ್ಟಿ ಮಾಡುವವರು ಒಂದು ಪತ್ರದ ದಿನಾಂಕ 1985 ಅಲ್ಲ, 1986 ಎಂದು ಕಂಡುಕೊಂಡು ತಿದ್ದುತ್ತಾರೆ. ಜಾಲತಾಣದಲ್ಲಿ 1985 ಹಾಗೆಯೇ ಉಳಿಯುತ್ತದೆ. ವಕೀಲರೊಬ್ಬರು ಜಾಲತಾಣವನ್ನು ನಂಬಿ ಅರ್ಜಿಯಲ್ಲಿ 1985 ಎಂದು ಬರೆಯುತ್ತಾರೆ. ಎದುರು ಪಕ್ಷದವರು ಮೂಲವನ್ನು ತೋರಿಸಿ ಎನ್ನುತ್ತಾರೆ. ಪುಟದಲ್ಲಿ ದಾಖಲೆಯ ಸಂಖ್ಯೆ ಇಲ್ಲ. ಮೂಲ ಯಾವ ಪೆಟ್ಟಿಗೆಯಲ್ಲಿದೆ ಎಂದು ಬಲ್ಲ ಕಾರ್ಯಕರ್ತೆ ಆಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುತ್ತಾಳೆ. ದಿನಾಂಕದ ಒಂದು ಅಂಕಿ ತಪ್ಪಿದ್ದಕ್ಕೆ ಇಡೀ ದಾಖಲೆಯ ಮೇಲೆ ಅನುಮಾನ ಬೀಳುತ್ತದೆ. ಇದು ಕಲ್ಪಿತ ಉದಾಹರಣೆ. ಆದರೆ ನ್ಯಾಯಾಲಯದ ಅಂಗಳ ಕಂಡವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣದು.

ಆದ್ದರಿಂದ ದಾಖಲೆಯ ವಿವರ ಒಂದೇ ಕಡೆ ಇರಬೇಕು, ಅದು ಪತ್ರಾಗಾರದ ಪಟ್ಟಿಯಲ್ಲಿ. ತಿದ್ದುವುದು ಅಲ್ಲಿ ಮಾತ್ರ. ಜಾಲತಾಣ ಅದನ್ನು ಕೇಳಿ ಪಡೆದು ತೋರಿಸಬೇಕು. ಎರಡು ತಂತ್ರಾಂಶಗಳು ಹೀಗೆ ಕೇಳಿ ಕೊಡುವ ಏರ್ಪಾಡಿಗೆ ಗಣಕತಜ್ಞರು ಎಪಿಐ ಎನ್ನುತ್ತಾರೆ. ಕಚೇರಿಯ ಕಿಟಕಿಯ ಮುಂದೆ ನಿಂತು ಕಡತದ ಸಂಖ್ಯೆ ಹೇಳಿದರೆ ಒಳಗಿನ ಗುಮಾಸ್ತರು ಅದನ್ನು ತೆಗೆದು ತೋರಿಸುವ ಕ್ರಮದಂತೆಯೇ ಇದು. (ನಮ್ಮ ಕಚೇರಿಗಳಲ್ಲಿ ಹಾಗೆ ತೋರಿಸುತ್ತಾರೆಯೇ ಎಂಬುದು ಬೇರೆಯ ಭಾಷಣದ ವಿಷಯ.) ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರವನ್ನು ಆಸಕ್ತರು ಗಮನಿಸಬೇಕು. ಅಲ್ಲಿ ಸಂಗ್ರಹಗಳ ವಿವರವೆಲ್ಲ ಆರ್ಕೈವ್ಸ್‌ಸ್ಪೇಸ್ ಎಂಬ ಮುಕ್ತ ತಂತ್ರಾಂಶದಲ್ಲಿದೆ. ಪತ್ರಾಗಾರವನ್ನು ಪರಿಚಯಿಸುವ ಜಾಲತಾಣ ಬೇರೆ. ವಂಶವೃಕ್ಷದ ಕ್ರಮ ಒಂದೆಡೆ ಕೆಡದೆ ಉಳಿದಿದೆ, ಓದುಗರೊಡನೆ ಮಾತು ಇನ್ನೊಂದೆಡೆ ನಡೆದಿದೆ. ಸಣ್ಣ ಬಳಗಗಳಿಗೆ ಆಟಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವೂ ಇದೆ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಪ್ರೇರಣೆಯಿಂದಲೇ ಅದು ಆರಂಭವಾದದ್ದು. ಮೊದಲಿನಿಂದಲೂ ಹಲವು ಭಾಷೆಗಳಿಗೆ ಅದರಲ್ಲಿ ಎಡೆಯುಂಟು.

ನಮ್ಮ ಮಟ್ಟಿಗೆ ಇಷ್ಟು ದೊಡ್ಡ ಏರ್ಪಾಡು ಒಮ್ಮೆಗೇ ಬೇಡವೆಂದು ನನ್ನ ಅಭಿಪ್ರಾಯ. ಪ್ರತಿ ಕ್ಷಣವೂ ಜಾಲತಾಣ ಪಟ್ಟಿಯನ್ನು ಕೇಳುತ್ತಿರಬೇಕೆಂದರೆ ಎರಡೂ ಗಣಕಗಳು ಹಗಲಿರುಳು ಎಚ್ಚರವಾಗಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆಯ ವಿದ್ಯುತ್ತಿನ ಪಾಡು ನಿಮಗೆ ಗೊತ್ತು. ವಾರಕ್ಕೊಮ್ಮೆ ಪಟ್ಟಿಯ ಪೂರ್ಣ ಪ್ರತಿಯನ್ನು ಹೊರತೆಗೆದು, ದಾಖಲೆ ಸಂಖ್ಯೆಯ ಆಧಾರದ ಮೇಲೆ ಜಾಲತಾಣದ ಪುಟಗಳನ್ನು ಯಂತ್ರವೇ ಹೊಸದಾಗಿಸಲಿ. ಹೀಗೆ ಕೊಯ್ಲು ಮಾಡುವುದಕ್ಕೆ 2002ರಿಂದ ನೆಲೆನಿಂತ ಒಂದು ಸಾರ್ವತ್ರಿಕ ನಿಯಮಾವಳಿಯೂ ಇದೆ, ಒಎಐ-ಪಿಎಂಎಚ್ ಎಂದು ಅದರ ಹೆಸರು. ಆದರೆ ಒಂದು ಎಚ್ಚರಿಕೆ. ಅದರ ಮೂಲಕ ಸಾಮಾನ್ಯವಾಗಿ ದಾಟುವುದು ಡಬ್ಲಿನ್ ಕೋರ್ ಎಂಬ 15 ಅಂಶಗಳ ಸರಳ ವಿವರ. ಅದರಲ್ಲಿ ವೃಕ್ಷ ಚಪ್ಪಟೆಯಾಗುತ್ತದೆ. ಪತ್ರ ಮಾತ್ರ ದಾಟಿ ಕಡತ ಹಿಂದೆ ಉಳಿಯುತ್ತದೆ. ಆದ್ದರಿಂದ ಪ್ರತಿಯೊಂದು ದಾಖಲೆಯ ಜೊತೆಗೆ ಅದರ ಮೇಲಿನ ಹಂತದ ಸಂಖ್ಯೆಯೂ ಕಡ್ಡಾಯವಾಗಿ ದಾಟಬೇಕು. ಎಂಪಿ/2/14/3 ಎಂಬ ಸಂಖ್ಯೆಯನ್ನು ಕಂಡೊಡನೆ ಇದು ಕಾಗದ ಕಾರ್ಖಾನೆಯ ಸಂಗ್ರಹದ ಎರಡನೆಯ ಶ್ರೇಣಿಯ 14ನೆಯ ಕಡತದ ಮೂರನೆಯ ಪತ್ರ ಎಂದು ಓದುಗರಿಗೂ ತಿಳಿಯಬೇಕು, ಆ ಕಡತದ ಉಳಿದ ಪತ್ರಗಳನ್ನು ನೋಡಲು ದಾರಿಯೂ ಇರಬೇಕು.

ಆ ಸಂಖ್ಯೆ ಒಮ್ಮೆ ಕೊಟ್ಟ ಮೇಲೆ ಬದಲಾಗಬಾರದು. ದಾಖಲೆ ಕಳೆದುಹೋದರೂ ಅದೇ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಾರದು. ಪುಟದ ವಿಳಾಸದಲ್ಲಿ ಶೀರ್ಷಿಕೆಯ ಬದಲು ಈ ಸಂಖ್ಯೆಯೇ ಇರಲಿ. ಜಾಲತಾಣದ ತಂತ್ರಾಂಶಕ್ಕೆ ಆಯುಷ್ಯ ಕಡಿಮೆ, ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ. ಪೆಟ್ಟಿಗೆ ಮಾತ್ರ ಗೆದ್ದಲು ಹಿಡಿಯದಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಜಾಲತಾಣಕ್ಕೆಂದೇ ಬರೆದ ಲೇಖನ, ಕಾಲಾನುಕ್ರಮಣಿಕೆ, ಸಂದರ್ಶನಗಳು ಜಾಲತಾಣದ ಸ್ವಂತ ಆಸ್ತಿ. ಅವು ಅಲ್ಲಿಯೇ ಇರಲಿ, ತಾವು ಆಧರಿಸಿದ ದಾಖಲೆಗಳನ್ನು ಸಂಖ್ಯೆಯಿಂದ ಉಲ್ಲೇಖಿಸಲಿ. ಛಾಯಾಚಿತ್ರದಲ್ಲಿರುವವರು ಇಂಥವರೆಂದು ಓದುಗರು ಬರೆದು ತಿಳಿಸಿದರೆ ಆ ಮಾಹಿತಿ ತಾನಾಗಿ ಪಟ್ಟಿಗೆ ಸೇರಬಾರದು. ಒಬ್ಬರು ಪರಿಶೀಲಿಸಿ, ಯಾರು ಎಂದು ತಿಳಿಸಿದರು ಎಂಬುದನ್ನೂ ಗುರುತಿಸಿ ಪಟ್ಟಿಯಲ್ಲಿ ಬರೆಯಬೇಕು.

ಇನ್ನು ಹೆಸರುಗಳ ವಿಚಾರ. ನನಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಮೈಸೂರು ಐರನ್ ವರ್ಕ್ಸ್, ಉಕ್ಕು ಸೇರಿದ ಮೇಲೆ ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್, 1962ರಲ್ಲಿ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಊರವರ ಬಾಯಲ್ಲಿ ವಿಐಎಸ್‌ಎಲ್. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಲ್ಲಿ ಕರಗಿಸಿದ ಕಾರ್ಖಾನೆ ಅದು. ಆ ಇದ್ದಿಲಿಗಾಗಿ ಎಲ್ಲೆಲ್ಲಿ ಕಾಡು ಕಡಿಯಲಾಯಿತು ಎಂದು ಹುಡುಕುವ ವಿದ್ಯಾರ್ಥಿನಿ ವಿಐಎಸ್‌ಎಲ್ ಎಂದು ಬೆರಳಚ್ಚು ಮಾಡಿದರೆ 1930ರ ಕಾಗದ ಅವಳಿಗೆ ಸಿಗುವುದಿಲ್ಲ. ಪತ್ರಾಗಾರದ ಪಟ್ಟಿಯಲ್ಲಿ ಈ ಎಲ್ಲ ಹೆಸರುಗಳನ್ನೂ ಒಂದೇ ಸಂಸ್ಥೆಗೆ ಕಟ್ಟಿ, ಯಾವ ಅವಧಿಗೆ ಯಾವ ಹೆಸರು ಎಂದು ಬರೆದಿಡುವ ಕ್ರಮವಿದೆ. ಆ ನಾಮಪಟ್ಟಿಯೂ ಜಾಲತಾಣಕ್ಕೆ ದಾಟಬೇಕು. ಇಂಗ್ಲಿಷ್ ಕಾಗದಗಳಲ್ಲಿ ಶಿಮೊಗ ಎಂದಿದ್ದ ಊರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಆದುದನ್ನೂ ಗಣಕಕ್ಕೆ ನಾವೇ ಹೇಳಿಕೊಡಬೇಕು.

ಕನ್ನಡದ್ದೇ ಆದ ತೊಡಕುಗಳು ಬೇರೆ ಇವೆ. ಸರ್ಕಾರ ಎಂದು ಒಬ್ಬರು, ಸರಕಾರ ಎಂದು ಇನ್ನೊಬ್ಬರು. ವಿಐಎಸ್‌ಎಲ್ ಎಂಬಲ್ಲಿ ಸಕಾರಕ್ಕೂ ಎಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಒಬ್ಬರು ಒತ್ತಿರುತ್ತಾರೆ, ಇನ್ನೊಬ್ಬರು ಒತ್ತಿರುವುದಿಲ್ಲ. ನಮಗೆ ಎರಡೂ ಹೆಚ್ಚುಕಡಿಮೆ ಒಂದೇ, ಗಣಕಕ್ಕೆ ಎರಡು ಬೇರೆ ಪದ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಅಚ್ಚುಜೋಡಿಸಿದ ನಮ್ಮ ವಾರ್ತಾಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಏರಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಭಾರತೀಯ ಡಿಜಿಟಲ್ ಗ್ರಂಥಾಲಯದಲ್ಲಿದ್ದ ಸಾವಿರಾರು ಕನ್ನಡ ಪುಸ್ತಕಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ಅಡ್ಡಾದಿಡ್ಡಿಯಾಗಿ ನಮೂದಾಗಿದ್ದುದರಿಂದ ಪುಸ್ತಕ ಇದ್ದೂ ಸಿಗದಂತಾಗಿತ್ತು. ಸಂಚಯ ತಂಡದವರು ಸ್ವಯಂಸೇವಕರ ನೆರವಿನಿಂದ ಅವನ್ನು ಕನ್ನಡಕ್ಕೆ ತಂದು ಹುಡುಕಲು ಸಾಧ್ಯವಾಗಿಸಿದರು. ಪುಸ್ತಕಗಳು ಅಲ್ಲಿಯೇ ಇದ್ದವು, ವಿವರ ಸರಿಯಾದ ಮೇಲೆ ಅವು ಕಾಣಿಸಿಕೊಂಡವು.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. ನಮ್ಮ ಪೆಟ್ಟಿಗೆಗಳಲ್ಲಿ ಬಡವರ ಹೆಸರುಗಳಿವೆ. ಬಗರ್ ಹುಕುಂ ಸಾಗುವಳಿದಾರರ ಅರ್ಜಿಗಳು, ಹೆಬ್ಬೆರಳ ಗುರುತು, ಸರ್ವೆ ನಂಬರು. ಲಿಂಗನಮಕ್ಕಿಯ ಹಿನ್ನೀರಿಗೆ ಮನೆ ಕಳೆದುಕೊಂಡು ಇತ್ತ ಬಂದು ಕಾಡಂಚಿನಲ್ಲಿ ನೆಲೆಸಿ ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳ ಮನವಿಗಳು. ಅಂದು ನಮ್ಮನ್ನು ನಂಬಿ ಕೊಟ್ಟ ಅದೇ ಕಾಗದವನ್ನು ಒತ್ತುವರಿಯ ಸಾಕ್ಷ್ಯವೆಂದು ನಾಳೆ ಯಾರೋ ಅವರ ಮೇಲೆಯೇ ಪ್ರಯೋಗಿಸಬಹುದು. ಪರಿಸರದ ಹೆಸರಿನಲ್ಲಿ ಕೆಲಸ ಮಾಡುವ ನಾವು ಅದಕ್ಕೆ ದಾರಿಯಾಗಬಾರದು. ಪತ್ರಾಗಾರದ ವಿವರದಲ್ಲಿ ಯಾರು ನೋಡಬಹುದು, ಎಂದಿನವರೆಗೆ ನೋಡಬಾರದು ಎಂದು ಬರೆಯಲು ಜಾಗವಿದೆ. ಕೈಯಿಂದ ನಕಲು ಮಾಡಿದಾಗ ಮೊದಲು ಬಿಟ್ಟುಹೋಗುವುದು ಅದೇ ಸಾಲು. ಯಂತ್ರದ ಮೂಲಕ ಜೋಡಿಸುವಾಗ, ತೆರೆದದ್ದು ಎಂದು ಸ್ಪಷ್ಟವಾಗಿ ಗುರುತಿಸದ ಯಾವುದೂ ದಾಟಕೂಡದೆಂಬ ನಿಯಮವನ್ನು ಆರಂಭದಲ್ಲಿಯೇ ಹಾಕಿಕೊಳ್ಳಬೇಕು. ಗುರುತು ಬರೆಯಲು ಮರೆತರೆ ದಾಖಲೆ ಒಳಗೇ ಉಳಿಯಲಿ. ಹಾಗೆಯೇ, ಯಾರಾದರೂ ಬಂದು ತಮ್ಮ ಹೆಸರಿರುವ ಕಾಗದವನ್ನು ತೆಗೆಯಿರಿ ಎಂದರೆ ಹಿಂತೆಗೆದ ಸುದ್ದಿಯೂ ಜಾಲತಾಣಕ್ಕೆ ದಾಟಬೇಕು. ಕೊಯ್ಲಿನ ನಿಯಮಾವಳಿಯಲ್ಲಿ ಅದಕ್ಕೂ ಅವಕಾಶವಿದೆ, ಆದರೆ ಎಷ್ಟೋ ಕಡೆ ಅದನ್ನು ಬಳಸುವ ಗೊಡವೆಗೆ ಹೋಗುವುದಿಲ್ಲ.

ನಾವು ಇಷ್ಟು ಪಾಡುಪಡುವಾಗ ಸರ್ಕಾರ ಏನು ಮಾಡಬೇಕೆಂಬುದನ್ನೂ ಕೇಳೋಣ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ತಯಾರಿಸಿ, ಗಣಕೀಕರಿಸಿ, ದೇಶದಾದ್ಯಂತ ಜಾಲದ ಮೂಲಕ ಜೋಡಿಸಬೇಕೆಂದು ಹೇಳುತ್ತದೆ. ನಾನು ಇಷ್ಟು ಹೊತ್ತು ಆಡಿದ ಮಾತು ಕಾನೂನಿನಲ್ಲಿಯೇ ಇದೆ ಎಂದಾಯಿತು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಕೇಂದ್ರ ಸರ್ಕಾರದ ಉದ್ಯಮಗಳಿಗೂ ಅನ್ವಯಿಸುತ್ತದೆ. ಅದರಂತೆ ದಾಖಲೆಗಳನ್ನು ಮನಬಂದಂತೆ ನಾಶಪಡಿಸುವಂತಿಲ್ಲ. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ವರ್ಷದಲ್ಲಿಯೇ, ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಧರಣಿ ಕುಳಿತರು. ಯಂತ್ರಗಳ ಬಗ್ಗೆ, ಜಮೀನಿನ ಬಗ್ಗೆ, ನೌಕರಿಯ ಬಗ್ಗೆ ಚರ್ಚೆ ನಡೆಯಿತು, ನಡೆಯಲೇಬೇಕು. ಒಂದು ಶತಮಾನದ ಕಡತಗಳ ಗತಿಯೇನೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಎರಡೂ ಕಾರ್ಖಾನೆಗಳ ಕಡತಗಳಲ್ಲಿ ಮಲೆನಾಡಿನ ಕಾಡಿನ ಲೆಕ್ಕ ಇರುತ್ತದೆ. ಅವು ಗುಜರಿಗೆ ಹೋಗದಂತೆ ಈಗಲೇ ಬರೆದು ಕೇಳಬೇಕು. ಆ ಕಡತಗಳು ನಮ್ಮ ಕೊಠಡಿಗೆ ಬರಬೇಕೆಂದೇನೂ ಇಲ್ಲ. ರಾಜ್ಯ ಪತ್ರಾಗಾರದಲ್ಲಿಯೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೋ ಇರಲಿ. ಅಲ್ಲಿನ ಸಂಖ್ಯೆಯನ್ನು ನಮ್ಮ ವಿವರದಲ್ಲಿ ನಮೂದಿಸಿದರೆ ನಮ್ಮ ಮನವಿಯೂ ಅವರ ಉತ್ತರವೂ ಒಂದಕ್ಕೊಂದು ತಾಗುತ್ತವೆ.

ಕೆಲಸದ ಹಂಚಿಕೆಯ ಬಗ್ಗೆ ಹೇಳಿ ಮುಗಿಸುತ್ತೇನೆ. ಸಂಖ್ಯೆ ಕೊಡುವ ಅಧಿಕಾರ ಭದ್ರಾವತಿಯ ಗುಂಪಿಗೆ ಮಾತ್ರ ಇರಲಿ. ಶಿವಮೊಗ್ಗದ ಗುಂಪು ಸಂಖ್ಯೆಯಿಲ್ಲದ ಏನನ್ನೂ ಏರಿಸದಿರಲಿ. ಮೊದಲಿಗೆ ಎಂಪಿಎಂ ನೆಡುತೋಪಿನ ಒಂದೇ ಶ್ರೇಣಿಯನ್ನು ಕೈಗೆತ್ತಿಕೊಂಡು, ಆರು ಅಂಶಗಳ ಜೊತೆಗೆ ಮೇಲಿನ ಹಂತದ ಸಂಖ್ಯೆ ಮತ್ತು ತೆರೆದದ್ದೋ ಮುಚ್ಚಿದ್ದೋ ಎಂಬ ಗುರುತು, ಒಟ್ಟು ಎಂಟು ಅಂಕಣಗಳನ್ನು ತುಂಬಿ. ಪಟ್ಟಿಯ ಪ್ರತಿಯೊಂದನ್ನು ಯಾವ ತಂತ್ರಾಂಶವಿಲ್ಲದೆಯೂ ಓದಬಹುದಾದ ಸರಳ ಕಡತವಾಗಿ ತೆಗೆದು ಎರಡೂ ಊರುಗಳಲ್ಲಿ ಇಡಿ, ಒಂದನ್ನು ಕಾಗದದ ಮೇಲೆ ಮುದ್ರಿಸಿಯೂ ಇ‌ಡಿ. ಜಾಲತಾಣದ ವಿಳಾಸದ ನೋಂದಣಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿರದೆ ಬಳಗದ ಹೆಸರಿನಲ್ಲಿರಲಿ, ನವೀಕರಣದ ದಿನಾಂಕ ಖಜಾಂಚಿಯವರ ಪುಸ್ತಕದಲ್ಲಿರಲಿ. ಬಗರ್ ಹುಕುಂ ಅರ್ಜಿಗಳ ಪೆಟ್ಟಿಗೆಗಳನ್ನು ಸದ್ಯಕ್ಕೆ ಪಟ್ಟಿ ಮಾತ್ರ ಮಾಡಿ, ಸ್ಕ್ಯಾನ್ ಮಾಡಬೇಡಿ. ಆ ಅರ್ಜಿದಾರರ ಊರುಗಳಿಗೆ ಹೋಗಿ ಕೇಳಿಬಂದ ಮೇಲೆ ಅದನ್ನು ತೀರ್ಮಾನಿಸೋಣ.